ಕಾರಿನಲ್ಲಿ ಮಂದ್ರನಾದ

ಸಂಜೆ ಮನೆಯ ಪಡಸಾಲೆಯಲ್ಲಿ ಕುಳಿತು ರೇಡಿಯೋದಲ್ಲಿ ಸಂಗೀತ ಕಚೇರಿಯೊಂದನ್ನು ಕೇಳುತ್ತಿರುವಿರಿ ಎಂದಿಟ್ಟುಕೊಳ್ಳೋಣ. ಪಲ್ಲವಿ ಮುಗಿದು ತನಿಯಾವರ್ತನ ಮೊದಲಾಗಿದೆ. ಅಷ್ಟರಲ್ಲಿ ಊರಿನಿಂದ ಬರುವ ನೆಂಟರನ್ನು ಕರೆತರಲು ರೈಲ್ವೆ ಸ್ಟೇಷನ್ನಿಗೆ ಹೊರಡಬೇಕಾಗುತ್ತದೆ. ಕಾರನ್ನೇರಿದೊಡನೆ ಅದೇ ನಿಲಯವನ್ನು ಹಾಕುತ್ತೀರಿ. ವಾದಕರು ಅವರೇ, ಮೃದಂಗವೂ ಅದೇ. ಬಲಮುಖದ 'ನಂ'ಕಾರ ಚೆನ್ನಾಗಿಯೇ ಕೇಳಿಸುತ್ತದೆ. ಎಡಮುಖದ 'ತೊಂ'ಕಾರ ಮಾತ್ರ ಮನೆಯಲ್ಲಿಯೇ ಉಳಿದುಬಿಟ್ಟಂತಿದೆ. ಆಗ ನಾವೆಲ್ಲರೂ ಮಾಡುವುದನ್ನೇ ನೀವೂ ಮಾಡುತ್ತೀರಿ, ಧ್ವನಿಯನ್ನು ಏರಿಸುತ್ತೀರಿ. 'ತೊಂ'ಕಾರ ಬರುವುದಿಲ್ಲ; ಬಾಗಿಲಿನ ಒಳಹಲಗೆ ಗಿರ್ರೆನ್ನಲು ತೊಡಗುತ್ತದೆ.

ಈ ಲೇಖಕನೂ ಬಹುಕಾಲ ಹೀಗೆಯೇ ಮಾಡುತ್ತಿದ್ದವನು. ಒಂದು ಸಂಜೆ ಕಿಟಕಿಗಳನ್ನು ಮುಚ್ಚಿ, ಧ್ವನಿಯನ್ನು ಮೇಲೇರಿಸಿಕೊಂಡು ಹೋಗುತ್ತಿದ್ದಾಗ ಪಕ್ಕದಲ್ಲಿದ್ದ ನನ್ನ ಮನೆಯವರು ಭುಜ ಹಿಡಿದು ಅಲುಗಿಸಿದರು. ಹಿಂದೆ ಆಂಬುಲೆನ್ಸ್ ಒಂದು ದಾರಿಗಾಗಿ ಕೂಗುತ್ತ ಎಷ್ಟು ಹೊತ್ತಿನಿಂದ ನಿಂತಿತ್ತೋ ನನಗೆ ತಿಳಿಯದು. ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಕಾಣದ ಮೃದಂಗವನ್ನು ಹುಡುಕುತ್ತ ಕೇಳಲೇಬೇಕಾದ ಕೂಗನ್ನು ಕಳೆದುಕೊಂಡೆನಲ್ಲಾ ಎಂಬ ನಾಚಿಕೆ ಆ ದಿನದಿಂದ ಬಿಟ್ಟಿಲ್ಲ. ಕಾರಿನೊಡನೆ ಬಂದ ಸ್ಟೀರಿಯೋದಿಂದ ಮಂದ್ರನಾದವನ್ನು ಪಡೆಯುವ ಬಗೆಯನ್ನು ನಾನು ವಿಚಾರಿಸತೊಡಗಿದ್ದು ಆ ಮೇಲೆಯೇ. ಮಂದ್ರ ಸರಿಯಾಗಿ ಬಂದರೆ ಧ್ವನಿಯನ್ನು ಇಳಿಸಿಯೇ ಸಂಗೀತವನ್ನು ಪೂರ್ಣವಾಗಿ ಕೇಳಬಹುದು ಎಂಬುದೇ ಈ ಲೇಖನದ ಸಾರ.

ಮಂದ್ರವೆಂದರೆ ಗಾಳಿಯ ಕೆಲಸ

ತಂತಿಯಾಗಲಿ ಚರ್ಮವಾಗಲಿ ಕಂಪಿಸಿದಾಗ ನಾದ ಹುಟ್ಟುತ್ತದೆಂಬುದು ನಿಮಗೆ ತಿಳಿದ ವಿಷಯವೇ. ಸೆಕೆಂಡಿಗೆ ೨೦ರಿಂದ ೨೦,೦೦೦ದವರೆಗಿನ ಕಂಪನಗಳು ಎಳೆಯ, ಆರೋಗ್ಯವಂತ ಕಿವಿಗೆ ಕೇಳಿಸುತ್ತವೆ. ಇವುಗಳಲ್ಲಿ ಸುಮಾರು ೨೫೦ಕ್ಕಿಂತ ಕೆಳಗಿನ ಭಾಗವನ್ನು ಅಂಗಡಿಯವರು 'ಬೇಸ್' ಎನ್ನುತ್ತಾರೆ. ನಾವು ಸಂಗೀತದ ಮಾತಿನಲ್ಲಿ ಅದನ್ನು ಮಂದ್ರವೆಂದು ಕರೆಯೋಣ.

ಮೃದಂಗದ ಎಡಮುಖಕ್ಕೆ ವಾದಕರು ಕಚೇರಿಗೆ ಮುನ್ನ ಒದ್ದೆ ರವೆಯನ್ನು ಮೆತ್ತುವುದನ್ನು ನೀವು ನೋಡಿರಬಹುದು. ತೂಕ ಏರಿದ ಚರ್ಮ ನಿಧಾನವಾಗಿ ಕಂಪಿಸುತ್ತದೆ. ಆದುದರಿಂದ ನಾದ ಕೆಳಕ್ಕಿಳಿಯುತ್ತದೆ. ಬಲಮುಖದ ಕರಣೆಯು ಉಪನಾದಗಳನ್ನು ಶ್ರುತಿಗೆ ಹೊಂದಿಸುವ ಬಗೆಯನ್ನು ಕುರಿತು ಸಿ. ವಿ. ರಾಮನ್ ಅವರು ೧೯೨೦ರಲ್ಲಿಯೇ ಬರೆದಿದ್ದರು; ಬೆಂಗಳೂರಿಗೆ ಬಂದ ಮೇಲೆ ೧೯೩೪ರಲ್ಲಿ ಭಾರತೀಯ ವಾದ್ಯಗಳಾದ ಈ ಚರ್ಮವಾದ್ಯಗಳ ಮೇಲೆಯೇ ವಿವರವಾದ ಪ್ರಬಂಧವೊಂದನ್ನು ಪ್ರಕಟಿಸಿದರು. ಮಂದ್ರಕ್ಕೆಂದೇ ಮಾಡಿದ ದೊಡ್ಡ ಸ್ಪೀಕರಿಗೂ ಎಡಮುಖದ ಧರ್ಮವೇ ಉಂಟು: ಅದರ ಶಂಕು ಅಗಲವಾಗಿರುತ್ತದೆ, ಭಾರವಾಗಿರುತ್ತದೆ, ಮೆಲ್ಲಗೆ ಆಡುತ್ತದೆ.

ಸ್ಪೀಕರಿನ ಶಂಕು ಹಿಂದಕ್ಕೂ ಮುಂದಕ್ಕೂ ಆಡಿ ಗಾಳಿಯನ್ನು ತಳ್ಳುತ್ತದೆ. ಶಂಕು ಒಂದೇ ಗಾತ್ರದ್ದಾಗಿದ್ದು, ನಾದದ ಬಲವೂ ಒಂದೇ ಆಗಿರಬೇಕಾದರೆ, ಕಂಪನಸಂಖ್ಯೆ ಅರ್ಧಕ್ಕಿಳಿದಾಗ ಶಂಕು ನಾಲ್ಕರಷ್ಟು ದೂರ ಆಡಬೇಕು. ೧೦೦ ಕಂಪನಗಳ ನಾದಕ್ಕೆ ಅರ್ಧ ಮಿಲಿಮೀಟರು ಆಡಿದರೆ ಸಾಕೆನ್ನಿ. ೫೦ಕ್ಕೆ ಎರಡು ಮಿಲಿಮೀಟರು, ೨೫ಕ್ಕೆ ಎಂಟು ಮಿಲಿಮೀಟರು ಬೇಕು. ಸಣ್ಣ ಕಾರುಗಳ ಬಾಗಿಲಲ್ಲಿರುವ ಹಗುರ ಸ್ಪೀಕರಿಗೆ ಇಷ್ಟು ಓಡಾಟ ಆಗದ ಮಾತು.

ಇದರ ಮೇಲೆ ನಮ್ಮ ಕಿವಿಯೂ ಮಂದ್ರದ ಬಗ್ಗೆ ತುಸು ಮಂದವೇ. ಸಾವಿರ ಕಂಪನಗಳ ನಾದ ಕೇಳಿಸತೊಡಗುವ ಮಟ್ಟಕ್ಕಿಂತ ೫೦ ಕಂಪನಗಳ ನಾದ ಸುಮಾರು ೪೦ ಡೆಸಿಬೆಲ್ ಹೆಚ್ಚು ಬಲವಾಗಿದ್ದರೆ ಮಾತ್ರ ಕೇಳಿಸುತ್ತದೆ. ನಾದವನ್ನು ತಗ್ಗಿಸುತ್ತ ಹೋದಂತೆ ಮಂದ್ರವೇ ಮೊದಲು ಮರೆಯಾಗುವುದನ್ನು ಅಮೆರಿಕದ ಫ್ಲೆಚರ್ ಮತ್ತು ಮನ್ಸನ್ ಎಂಬವರು ೧೯೩೩ರಲ್ಲಿ ಅಳೆದು ತೋರಿಸಿದರು. ಕಾರು ಓಡುವಾಗ ಚಕ್ರಗಳ ಸದ್ದು ಹೆಚ್ಚಾಗಿ ಇದೇ ಭಾಗದಲ್ಲಿದ್ದು, ಅಳಿದುಳಿದ ಮಂದ್ರವನ್ನು ಮುಚ್ಚಿಹಾಕುತ್ತದೆ.

ಹಳೆಯ ರೇಡಿಯೋ ಕಲಿಸುವ ಪಾಠ

ಹಿರಿಯರ ಮನೆಯಲ್ಲಿದ್ದ ಮರದ ಪೆಟ್ಟಿಗೆಯ ವಾಲ್ವ್ ರೇಡಿಯೋ ನಿಮಗೆ ನೆನಪಿರಬಹುದು. ಅದರ ಶಕ್ತಿ ಕೆಲವೇ ವಾಟು; ಆದರೂ ಅದರ ನಾದ ತುಂಬಿಕೊಂಡಂತಿರುತ್ತಿತ್ತು. ಗುಟ್ಟು ಮರದ ಪೆಟ್ಟಿಗೆಯಲ್ಲಿತ್ತು. ಶಂಕು ಮುಂದಕ್ಕೆ ಬಂದಾಗ ಎದುರಿನ ಗಾಳಿ ಒತ್ತಿಕೊಳ್ಳುತ್ತದೆ, ಹಿಂದಿನ ಗಾಳಿ ಸಡಿಲುತ್ತದೆ. ಇವೆರಡೂ ಕೂಡಿದರೆ ಒಂದನ್ನೊಂದು ಅಳಿಸಿಬಿಡುತ್ತವೆ. ಮೇಲಿನ ನಾದಗಳ ಅಲೆ ಗಿಡ್ಡ. ಅವು ನೇರವಾಗಿ ಹೊರಟುಹೋಗುತ್ತವೆ. ೫೦ ಕಂಪನಗಳ ಅಲೆಯ ಉದ್ದವಾದರೋ ಸುಮಾರು ೭ ಮೀಟರು. ಅದು ಸ್ಪೀಕರಿನ ಅಂಚನ್ನು ಸುಲಭವಾಗಿ ಸುತ್ತಿಕೊಂಡು ಹಿಂದಿನ ಅಲೆಯೊಡನೆ ಬೆರೆತು ನಾಶವಾಗುತ್ತದೆ. ಹೀಗಾಗದಂತೆ ಮುಂದಿನ ಗಾಳಿಯನ್ನೂ ಹಿಂದಿನ ಗಾಳಿಯನ್ನೂ ಬೇರ್ಪಡಿಸುವುದೇ ಹಲಗೆಯ ಕೆಲಸ.

ನಿಮ್ಮ ಕಾರಿನಲ್ಲಿ ಈ ಹಲಗೆ ಯಾವುದು? ಬಾಗಿಲೇ. ಆ ಬಾಗಿಲಿನ ಒಳತಗಡಿನಲ್ಲಿ ಗಾಜು, ಬೀಗ, ತಂತಿಗಳಿಗಾಗಿ ಅಂಗೈಯಗಲದ ತೂತುಗಳಿರುತ್ತವೆ. ಅನೇಕ ಕಾರುಗಳಲ್ಲಿ ಅವನ್ನು ಮುಚ್ಚಿರುವುದು ತೆಳ್ಳನೆಯ ಪ್ಲಾಸ್ಟಿಕ್ ಹಾಳೆ ಮಾತ್ರ. ತಗಡು ತಾನೇ ಅಲುಗುತ್ತದೆ, ಪ್ಲಾಸ್ಟಿಕ್ಕಿನ ಒಳಹಲಗೆ ಅದರ ಮೇಲೆ ಗಿರಿಗುಟ್ಟುತ್ತದೆ. ತೂತುಬಿದ್ದ ಕೊಡದಲ್ಲಿ ನೀರು ತುಂಬಿದಂತೆ, ಇಂತಹ ಬಾಗಿಲಿಗೆ ಎಷ್ಟು ವಾಟು ಸುರಿದರೂ ಮಂದ್ರ ಸೋರಿಹೋಗುತ್ತದೆ. ಹೊಸ ಸಾಮಾನು ಕೊಳ್ಳುವ ಮುನ್ನ ಬಾಗಿಲನ್ನು ನೋಡಬೇಕೆನ್ನುವುದು ಇದಕ್ಕಾಗಿಯೇ.

ಖರ್ಚಿಲ್ಲದ ಪರೀಕ್ಷೆಗಳು

ಅದಕ್ಕೂ ಮೊದಲು ಕಾಸು ಖರ್ಚಿಲ್ಲದೆ ಮಾಡತಕ್ಕ ಪರೀಕ್ಷೆಗಳೆರಡು ಉಂಟು.

ಕಾರನ್ನು ನಿಲ್ಲಿಸಿ, ಮೃದಂಗವೋ ಡೊಳ್ಳೋ ಚೆನ್ನಾಗಿ ಕೇಳಿಸುವ ಧ್ವನಿಮುದ್ರಿಕೆಯೊಂದನ್ನು ಹಾಕಿ. 'ಬ್ಯಾಲೆನ್ಸ್' ಎಂಬ ಹೊಂದಿಕೆಯನ್ನು ಪೂರ್ತಿ ಎಡಕ್ಕೆ ತಿರುಗಿಸಿ ಕೇಳಿ. ಬಳಿಕ ಪೂರ್ತಿ ಬಲಕ್ಕೆ. ಕೊನೆಗೆ ನಡುವಿಗೆ ತನ್ನಿ. ಎರಡೂ ಕಡೆ ಸೇರಿದಾಗ ಮಂದ್ರ ಹೆಚ್ಚಬೇಕು. ಒಂದೊಂದೇ ಇದ್ದಾಗ ಕೇಳಿಸಿದ ಮಂದ್ರ ಎರಡೂ ಕೂಡಿದಾಗ ಕುಗ್ಗಿದರೆ, ಒಂದು ಸ್ಪೀಕರಿನ ಎರಡು ತಂತಿಗಳು ಅದಲುಬದಲಾಗಿವೆಯೆಂದು ಸಂಶಯಪಡಬಹುದು. ಆಗ ಒಂದು ಶಂಕು ಮುಂದಕ್ಕೆ ಬರುವಾಗ ಇನ್ನೊಂದು ಹಿಂದಕ್ಕೆ ಸರಿದು, ಒಂದರ ಕೆಲಸವನ್ನು ಇನ್ನೊಂದು ಅಳಿಸುತ್ತದೆ. ನನ್ನ ಕಾರಿನಲ್ಲಿ ಆಗಿದ್ದುದೂ ಇದೇ. ಅಂಗಡಿಯೊಂದರಲ್ಲಿ ಹೊಸ ಸ್ಪೀಕರು ಹಾಕಿಸಿಕೊಂಡು ಬಂದ ಮೇಲೆ ಮಂದ್ರ ಹಿಂದಿಗಿಂತಲೂ ಕಡಿಮೆಯಾಗಿತ್ತು. ಎರಡು ತಂತಿಗಳನ್ನು ಅದಲುಬದಲು ಮಾಡಿದುದೇ ಸಾಕಾಯಿತು. ಅದನ್ನು ತಿಳಿಯದೆ ನಾನು ತಿಂಗಳುಗಟ್ಟಲೆ ಧ್ವನಿಯನ್ನು ಏರಿಸುತ್ತಲೇ ಇದ್ದೆ.

ಬಿಚ್ಚಿದ ಸ್ಪೀಕರಿನ ತಂತಿಗಳಲ್ಲಿ ಯಾವುದು ಧನ, ಯಾವುದು ಋಣ ಎಂದು ತಿಳಿಯಲು ಟಾರ್ಚಿನ ಒಂದೂವರೆ ವೋಲ್ಟಿನ ಸೆಲ್ಲು ಸಾಕು. ಸ್ಪೀಕರನ್ನು ಸ್ಟೀರಿಯೋದಿಂದ ಬೇರ್ಪಡಿಸಿ, ಸೆಲ್ಲಿನ ಎರಡು ತುದಿಗಳನ್ನು ಅದರ ಎರಡು ಕಿವಿಗಳಿಗೆ ಕ್ಷಣಮಾತ್ರ ಮುಟ್ಟಿಸಿ. ಶಂಕು ಹೊರಕ್ಕೆ ನೆಗೆದರೆ ಸೆಲ್ಲಿನ ಧನ ತುದಿ ತಾಗಿದ ಕಡೆಯೇ ಧನ.

ಇನ್ನೊಂದು ಪರೀಕ್ಷೆ ಕೈಯಿಂದ ಮಾಡುವುದು. ಮಂದ್ರದ ಸಂಗೀತ ನಡೆಯುತ್ತಿರುವಾಗ ಬಾಗಿಲಿನ ಒಳಹಲಗೆಯ ಮೇಲೆ ಅಲ್ಲಲ್ಲಿ ಅಂಗೈಯನ್ನು ಒತ್ತಿ. ಗಿರಿಗುಟ್ಟುವ ಸದ್ದು ಎಲ್ಲಿ ನಿಲ್ಲುತ್ತದೆಯೋ ಅಲ್ಲಿಯೇ ಕೆಲಸವಿದೆ. ಬಾಗಿಲ ಜೇಬಿನಲ್ಲಿರುವ ನೀರಿನ ಬಾಟಲಿಯನ್ನೂ ಚಿಲ್ಲರೆ ಕಾಸನ್ನೂ ಮೊದಲು ತೆಗೆದಿಡಿ. ಎಷ್ಟೋ ವೇಳೆ ತಪ್ಪು ಅವುಗಳದೇ.

ಬಾಗಿಲು, ಸ್ಪೀಕರು

ಬಾಗಿಲನ್ನು ಸರಿಪಡಿಸಲು ಬ್ಯೂಟೈಲ್ ರಬ್ಬರಿನ ಮೇಲೆ ಅಲ್ಯೂಮಿನಿಯಂ ಹಾಳೆ ಅಂಟಿಸಿದ ತುಂಡುಗಳು ಅಂಗಡಿಯಲ್ಲಿ ದೊರೆಯುತ್ತವೆ. ಡ್ಯಾಂಪಿಂಗ್ ಶೀಟು ಎಂದು ಕೇಳಬೇಕು. ಹೊರತಗಡಿನ ಒಳಮೈಗೆ, ಸ್ಪೀಕರಿನ ಬೆನ್ನಹಿಂದೆ, ಅವನ್ನು ಒತ್ತಿ ಅಂಟಿಸಿದರೆ ತಗಡಿನ ಅಲುಗಾಟ ತಗ್ಗುತ್ತದೆ. ತಗಡನ್ನು ಇಡಿಯಾಗಿ ಮುಚ್ಚಬೇಕಾಗಿಲ್ಲ. ಒಳತಗಡಿನ ದೊಡ್ಡ ತೂತುಗಳನ್ನು ಮುಚ್ಚಿದರೆ ಹಿಂದಿನ ಗಾಳಿ ಮುಂದಕ್ಕೆ ಬಾರದು. ಸ್ಪೀಕರಿಗೂ ತಗಡಿಗೂ ನಡುವೆ ಸ್ಪಂಜಿನ ಅಥವಾ ರಬ್ಬರಿನ ಉಂಗುರವೊಂದನ್ನು ಇಟ್ಟು ತಿರುಪುಗಳನ್ನು ಬಿಗಿಮಾಡಿಸಬೇಕು.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯ. ಗಾಜಿನ ಸಂದಿನಿಂದ ಇಳಿಯುವ ಮಳೆನೀರು ಹೊರಹೋಗಲು ಬಾಗಿಲ ತಳದಲ್ಲಿ ಸಣ್ಣ ತೂತುಗಳಿವೆ. ಅವನ್ನು ಮುಚ್ಚಿಬಿಟ್ಟರೆ ಒಂದೆರಡು ಮಳೆಗಾಲದಲ್ಲಿ ಬಾಗಿಲು ತುಕ್ಕು ಹಿಡಿಯುತ್ತದೆ. ಎರಡನೆಯದಾಗಿ, ಪಕ್ಕದ ಏರ್‌ಬ್ಯಾಗುಗಳಿರುವ ಕೆಲವು ಕಾರುಗಳಲ್ಲಿ ಡಿಕ್ಕಿಯ ಹೊಡೆತವನ್ನು ಅರಿಯುವ ಒತ್ತಡದ ಸೆನ್ಸರು ಬಾಗಿಲೊಳಗೇ ಇರುತ್ತದೆ. ಅಂತಹ ಕಾರಿನ ಬಾಗಿಲಿನಲ್ಲಿ ತೂತುಗಳನ್ನು ಮುಚ್ಚುವ ಮುನ್ನ ತಯಾರಕರ ಸೇವಾಕೇಂದ್ರದಲ್ಲಿ ವಿಚಾರಿಸತಕ್ಕದ್ದು. ಸಂಗೀತಕ್ಕಾಗಿ ಪ್ರಾಣರಕ್ಷಣೆಯ ಏರ್ಪಾಟನ್ನು ಕೆಡಿಸಿಕೊಳ್ಳಬಾರದು.

ಇಷ್ಟಾದ ಮೇಲೆ ಸ್ಪೀಕರಿನ ಮಾತು. ಆರೂವರೆ ಇಂಚಿನ ಸ್ಪೀಕರು ಹಿಡಿಸುವ ಬಾಗಿಲಿದ್ದರೆ ಅದನ್ನೇ ಹಾಕಿಸುವುದು ಲೇಸು. ಕೊಳ್ಳುವಾಗ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ ಗರಿಷ್ಠ ವಾಟನ್ನು ಬಿಟ್ಟು, 'ಸೆನ್ಸಿಟಿವಿಟಿ' ಎಂಬ ಅಂಕಿಯನ್ನು ನೋಡಿ. ಒಂದೇ ಶಕ್ತಿಗೆ ಯಾವುದು ಹೆಚ್ಚು ನಾದ ಕೊಡುತ್ತದೆಂಬುದನ್ನು ಅದು ತಿಳಿಸುತ್ತದೆ. ಕಾರಿನೊಡನೆ ಬಂದ ಸ್ಟೀರಿಯೋದಿಂದಲೇ ನಡೆಸುವುದಾದರೆ ಈ ಅಂಕಿ ಹೆಚ್ಚಿರುವುದೇ ಉಪಯೋಗಕರ. ತಂತಿಯನ್ನು ಕತ್ತರಿಸದೆ, ಆಯಾ ಕಾರಿಗೆ ಹೊಂದುವ ಕಪ್ಲರನ್ನು ಬಳಸುವಂತೆ ಹೇಳಿ. ತಂತಿ ಕತ್ತರಿಸಿದ ಕಾರಿನ ವಿದ್ಯುತ್ ಭಾಗಗಳಿಗೆ ವಾರಂಟಿ ಕೊಡಲು ಕಂಪನಿಯವರು ಒಪ್ಪದೆ ಹೋಗಬಹುದು.

ವಾಟಿನ ಲೆಕ್ಕ

ಸ್ಟೀರಿಯೋದ ಮುಖದ ಮೇಲೆ '೫೦ ವಾಟು, ನಾಲ್ಕು' ಎಂದು ಬರೆದಿರುವುದನ್ನು ಕಂಡು ಇನ್ನೂರು ವಾಟಿನ ನಾದ ಬರುತ್ತದೆಂದು ನಂಬಬೇಡಿ. ಎಂಜಿನ್ನು ಓಡುವಾಗ ಕಾರಿನಲ್ಲಿ ದೊರೆಯುವುದು ಸುಮಾರು ೧೪.೪ ವೋಲ್ಟು. ಅದರ ವರ್ಗ ಸುಮಾರು ೨೦೭. ನಾಲ್ಕು ಓಮಿನ ಸಾಮಾನ್ಯ ಸ್ಪೀಕರಿಗೆ ಇದನ್ನು ಎಂಟರಿಂದ ಭಾಗಿಸಿದರೆ ಬರುವುದು ೨೬. ಬೇರೆ ಆಂಪ್ಲಿಫೈಯರಿಲ್ಲದ ಸಾಧಾರಣ ಸ್ಟೀರಿಯೋ, ನಾದ ಒಡೆಯದಂತೆ, ಒಂದು ಸ್ಪೀಕರಿಗೆ ಇದಕ್ಕಿಂತ ಹೆಚ್ಚು ಶಕ್ತಿ ಕೊಡಲಾರದು. ನಿಜವಾಗಿ ದೊರೆಯುವುದು ಇನ್ನೂ ಕಡಿಮೆ. ಅದನ್ನು ಮೀರಿ ಏರಿಸಿದರೆ ಅಲೆಯ ನೆತ್ತಿ ಕತ್ತರಿಸಿಹೋಗಿ ನಾದ ಒರಟಾಗುತ್ತದೆ. ಕೆಲವು ಸ್ಟೀರಿಯೋಗಳಾದರೋ ತಮ್ಮ ಸಣ್ಣ ಸ್ಪೀಕರುಗಳನ್ನು ಕಾಪಾಡಲು, ಧ್ವನಿ ಏರಿದಂತೆಲ್ಲ ಮಂದ್ರವನ್ನು ತಾವಾಗಿಯೇ ತಗ್ಗಿಸುತ್ತವೆ. ಆಗ ನೀವು ಏರಿಸಿದಷ್ಟೂ ಮೇಲಿನ ಸದ್ದೇ ಬೆಳೆಯುತ್ತದೆ.

ಇಂದಿನ ಕಾರುಗಳಲ್ಲಿ ಸ್ಟೀರಿಯೋದ ಪರದೆಗೇ ಹಿಂಬದಿಯ ಕ್ಯಾಮರಾ, ಸ್ಟೀರಿಂಗಿನ ಗುಂಡಿಗಳು ಮೊದಲಾದುವು ಜೋಡಿಯಾಗಿರುವುದರಿಂದ ಅದನ್ನು ಕಿತ್ತುಹಾಕುವುದು ಜಾಣತನವಲ್ಲ. ಅದನ್ನು ಇದ್ದಂತೆಯೇ ಇಟ್ಟು, ಸ್ಪೀಕರಿನ ತಂತಿಯಿಂದಲೇ ಸಂಕೇತವನ್ನು ಪಡೆಯುವ ಆಂಪ್ಲಿಫೈಯರನ್ನು ಸೇರಿಸಬಹುದು. ಒಂದು ಮಾತು ನೆನಪಿರಲಿ: ವಾಟನ್ನು ಇಮ್ಮಡಿಸಿದರೆ ನಾದ ಏರುವುದು ೩ ಡೆಸಿಬೆಲ್ ಮಾತ್ರ, ಕಿವಿಗೆ ಅದು ಅಲ್ಪವೇ. ವಾಟಿನ ಪೈಪೋಟಿಯಿಂದ ಜೇಬು ಬರಿದಾಗುವಷ್ಟು ಬೇಗ ಮಂದ್ರ ತುಂಬುವುದಿಲ್ಲ.

ಮಂದ್ರಕ್ಕೆ ಬೇರೆ ಪೆಟ್ಟಿಗೆ

ಇನ್ನೂ ಆಳವಾದ ಮಂದ್ರ ಬೇಕೆಂದರೆ ಸಬ್‌ವೂಫರ್ ಎಂಬ ಪ್ರತ್ಯೇಕ ಸ್ಪೀಕರು ಬೇಕು. ಡಿಕ್ಕಿಯನ್ನೆಲ್ಲ ತುಂಬುವ ಪೆಟ್ಟಿಗೆಯೇ ಆಗಬೇಕೆಂಬುದೇನಿಲ್ಲ. ಸೀಟಿನ ಕೆಳಗೆ ಕೂರುವ, ಆಂಪ್ಲಿಫೈಯರು ಒಳಗೇ ಇರುವ ಎಂಟು ಇಂಚಿನದು ಸಂಸಾರಸ್ಥರ ಸಣ್ಣ ಕಾರಿಗೆ ಸಾಕು. ಊರಿಗೆ ಹೋಗುವಾಗ ಡಿಕ್ಕಿಯಲ್ಲಿ ಅಕ್ಕಿಮೂಟೆಗೂ ತೆಂಗಿನಕಾಯಿಗೂ ಜಾಗ ಉಳಿಯುತ್ತದೆ.

ದೊಡ್ಡದೇ ಬೇಕೆನ್ನುವವರಿಗೆ ಎರಡು ಬಗೆಯ ಪೆಟ್ಟಿಗೆಗಳುಂಟು. ಕಿಂಡಿಯಿರುವ ಪೆಟ್ಟಿಗೆ ಅದನ್ನು ಹೊಂದಿಸಿರುವ ಕಂಪನದ ಸುತ್ತಮುತ್ತ ಹೆಚ್ಚು ಸದ್ದು ಮಾಡುತ್ತದೆ. ಪೂರ್ತಿ ಮುಚ್ಚಿದ ಪೆಟ್ಟಿಗೆ ಚಿಕ್ಕದು, ಅದರ ನಾದ ಬಿಗಿಯಾದದ್ದು. ಒಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿಕೊಂಡು ಚಿಕ್ಕ ಪೆಟ್ಟಿಗೆಯಿಂದಲೂ ಆಳವಾದ ಮಂದ್ರವನ್ನು ಪಡೆಯಬಹುದೆಂದು ಅಮೆರಿಕದ ಎಡ್ಗರ್ ವಿಲ್ಚರ್ ೧೯೫೪ರಲ್ಲಿ ತೋರಿಸಿಕೊಟ್ಟರು. ಮೃದಂಗದ ಪೆಟ್ಟುಗಳು ಒಂದರೊಳಗೊಂದು ಕಲಸಿಹೋಗಬಾರದೆಂಬ ರಸಿಕರಿಗೆ ಮುಚ್ಚಿದ್ದೇ ಹಿತ.

ಮಂದ್ರದ ವಿಷಯದಲ್ಲಿ ಕಾರು ನಮಗೆ ಒಂದು ಉಪಕಾರವನ್ನೂ ಮಾಡುತ್ತದೆ. ಗಾಜುಗಳನ್ನು ಮುಚ್ಚಿದ ಕಾರಿನ ಉದ್ದ ಮಂದ್ರದ ಅಲೆಯ ಅರ್ಧಕ್ಕಿಂತಲೂ ಕಡಿಮೆಯಾದಾಗ, ಅಂದರೆ ಸುಮಾರು ೬೦ ಕಂಪನಗಳಿಗಿಂತ ಕೆಳಗೆ, ಒಳಗಿನ ಗಾಳಿಯೆಲ್ಲ ಒಟ್ಟಿಗೆ ಒತ್ತಿಕೊಂಡು ಸಡಿಲುತ್ತದೆ. ನಾದ ತಾನಾಗಿ ಬಲಗೊಳ್ಳುತ್ತದೆ. ಆದುದರಿಂದ ಪಡಸಾಲೆಯಲ್ಲಿ ಸಾಲದ ಸಣ್ಣ ಸ್ಪೀಕರು ಕಾರಿನಲ್ಲಿ ಸಾಲುವುದುಂಟು.

ಸಬ್‌ವೂಫರನ್ನು ಸೇರಿಸಿದ ಮೇಲೆ ಕೆಲಸವನ್ನು ಹಂಚಿಕೊಡಬೇಕು. ಸುಮಾರು ೮೦ ಕಂಪನಗಳಿಗಿಂತ ಕೆಳಗಿನದು ಅದಕ್ಕೆ, ಮೇಲಿನದು ಬಾಗಿಲಿನವಕ್ಕೆ ಎಂದು ಆಂಪ್ಲಿಫೈಯರಿನ ಫಿಲ್ಟರನ್ನು ಹೊಂದಿಸುವುದು ವಾಡಿಕೆ. ಕೈಲಾಗದ ಹೊರೆ ಇಳಿದ ಬಾಗಿಲ ಸ್ಪೀಕರುಗಳಲ್ಲಿ ಹಾಡುಗಾರರ ಕಂಠವೂ ತಿಳಿಯಾಗುತ್ತದೆ. ಸಬ್‌ವೂಫರು ಎಲ್ಲಿದೆಯೆಂದು ಕೇಳುವವನಿಗೆ ತಿಳಿಯಬಾರದು. ತಿಳಿದರೆ ಅದು ಹೆಚ್ಚಾಯಿತೆಂದೇ ಅರ್ಥ.

ತಂತಿಯ ವಿಷಯದಲ್ಲಿ ಕೃಪಣತೆ ಬೇಡ

೩೦೦ ವಾಟು ಕೊಡುವ ಆಂಪ್ಲಿಫೈಯರು, ನೂರಕ್ಕೆ ಎಂಬತ್ತರಷ್ಟು ದಕ್ಷತೆಯುಳ್ಳದ್ದಾದರೂ, ಪೂರ್ಣ ಬಲದಲ್ಲಿ ಸುಮಾರು ೨೭ ಆಂಪಿಯರು ಎಳೆಯುತ್ತದೆ. ಎರಡು ಹ್ಯಾಲೊಜೆನ್ ಹೆಡ್‌ಲೈಟುಗಳು ಸೇರಿ ಎಳೆಯುವುದಕ್ಕಿಂತ ಇದು ಎರಡು ಮೂರರಷ್ಟು. ಇಷ್ಟು ವಿದ್ಯುತ್ತಿಗೆ ಸುಮಾರು ೮ ಚದರ ಮಿಲಿಮೀಟರಿನ ತಾಮ್ರದ ತಂತಿಯನ್ನು ಬ್ಯಾಟರಿಯಿಂದ ನೇರವಾಗಿ ಎಳೆಯಬೇಕು. ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿಯನ್ನು ಅಗ್ಗಕ್ಕೆ ಮಾರುವವರಿದ್ದಾರೆ. ಅಷ್ಟೇ ದಪ್ಪದ ತಾಮ್ರಕ್ಕಿಂತ ಅದು ಹೆಚ್ಚು ಬಿಸಿಯಾಗುತ್ತದೆ. ಎಳೆಯೊಂದನ್ನು ಚಾಕುವಿನಿಂದ ಕೆರೆದು ನೋಡಿ. ಒಳಗೂ ಕೆಂಪಗಿದ್ದರೆ ತಾಮ್ರ.

ಬ್ಯಾಟರಿಯಿಂದ ೧೮ ಇಂಚಿನೊಳಗೆ ಫ್ಯೂಸು ಇರಲೇಬೇಕು. ಫ್ಯೂಸು ಕಾಪಾಡುವುದು ತಂತಿಯನ್ನು. ಬ್ಯಾಟರಿಗೂ ಫ್ಯೂಸಿಗೂ ನಡುವೆ ಇರುವ ತಂತಿಗೆ ಯಾವ ಕಾವಲೂ ಇಲ್ಲ. ಎಂಜಿನ್ನಿನ ಕಡೆಯಿಂದ ತಂತಿ ಒಳಬರುವ ತೂತಿಗೆ ರಬ್ಬರಿನ ಬಳೆ ಹಾಕಿಸಬೇಕು. ಇಲ್ಲದಿದ್ದರೆ ತಗಡಿನ ಅಂಚು ಮೇಲ್ಹೊದಿಕೆಯನ್ನು ಕೊರೆದು ಒಂದು ದಿನ ಹೊಗೆ ಕಾಣಿಸಿಕೊಳ್ಳಬಹುದು. ಕೆಲಸ ಮುಗಿದ ಮೇಲೆ ಬಾನೆಟ್ಟನ್ನು ತೆರೆಸಿ, ಇವೆರಡನ್ನೂ ಕಣ್ಣಾರೆ ನೋಡಿಯೇ ಹಣ ಕೊಡಿ. ವಿದ್ಯುತ್ ಕಾರುಗಳಲ್ಲಿಯೂ ಸ್ಟೀರಿಯೋ ನಡೆಯುವುದು ೧೨ ವೋಲ್ಟಿನ ಚಿಕ್ಕ ಬ್ಯಾಟರಿಯ ಕಡೆಯಿಂದಲೇ. ಅಲ್ಲಿರುವ ಕಿತ್ತಳೆ ಬಣ್ಣದ ದಪ್ಪ ಕೇಬಲ್ಲುಗಳನ್ನು ಯಾರೂ ಮುಟ್ಟಲಾಗದು, ಅವು ಪ್ರಾಣಾಪಾಯದವು.

ಕಡೆಯ ಮಾತು

ಈಗ ಮೊದಲಿನ ಮಾತಿಗೆ ಬರೋಣ. ಅಮೆರಿಕದ ವೃತ್ತಿಸುರಕ್ಷತಾ ಸಂಸ್ಥೆಯವರು ಕೆಲಸಗಾರರ ಕಿವಿಯ ರಕ್ಷಣೆಗೆಂದು ಹಾಕಿರುವ ಲೆಕ್ಕ ಹೀಗಿದೆ: ೮೫ ಡೆಸಿಬೆಲ್ಲಿನ ಸದ್ದನ್ನು ದಿನಕ್ಕೆ ಎಂಟು ಗಂಟೆ ಕೇಳಬಹುದು, ಮೂರು ಡೆಸಿಬೆಲ್ ಏರಿದಂತೆಲ್ಲ ಹೊತ್ತು ಅರ್ಧಕ್ಕಿಳಿಯಬೇಕು. ೧೦೦ ಡೆಸಿಬೆಲ್ಲಿಗೆ ಉಳಿಯುವುದು ಹದಿನೈದೇ ನಿಮಿಷ. ಕಚೇರಿಗೆ ಹೋಗಿಬರುವ ದಾರಿಯಲ್ಲಿಯೇ ಅದು ಮುಗಿದುಹೋಗುತ್ತದೆ. ಸದ್ದಿನಿಂದ ಕೆಟ್ಟ ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಮನುಷ್ಯನಲ್ಲಿ ಮತ್ತೆ ಬೆಳೆಯುವುದಿಲ್ಲ. ಹಿಂದಿನ ಸೀಟಿನಲ್ಲಿ ಕುಳಿತ ಮಕ್ಕಳ ಕಿವಿಯೂ ಅದೇ ಸದ್ದನ್ನು ಕುಡಿಯುತ್ತಿರುತ್ತದೆ.

ಆದುದರಿಂದ ಖರ್ಚಿನ ಕ್ರಮ ಹೀಗಿರಲಿ: ಮೊದಲು ತಂತಿಯ ಪರೀಕ್ಷೆ, ಬಳಿಕ ಬಾಗಿಲು, ಆಮೇಲೆ ಸ್ಪೀಕರು, ಕೊನೆಗೆ ಬೇಕಾದವರಿಗೆ ಸಬ್‌ವೂಫರ್. ಪ್ರತಿಯೊಂದು ಹಂತದ ನಂತರ ವಾರವೊಂದು ಕೇಳಿ ನೋಡಿ. ಬಹುಮಂದಿಗೆ ಎರಡನೆಯ ಅಥವಾ ಮೂರನೆಯ ಹಂತದಲ್ಲಿಯೇ ತೃಪ್ತಿಯಾಗುತ್ತದೆ. ಕೆಲಸ ಸರಿಯಾಗಿದೆಯೇ ಎಂದು ತಿಳಿಯಲು ಧ್ವನಿಯನ್ನು ಏರಿಸಬೇಡಿ, ಇಳಿಸಿ. ಪಕ್ಕದವರೊಡನೆ ಮಾತನಾಡುವಷ್ಟು ಮೆಲ್ಲಗಿರುವಾಗಲೂ ಎಡಮುಖದ ತೊಂಕಾರ ಕೇಳಿಸಿದರೆ ನಿಮ್ಮ ಹಣ ಸಾರ್ಥಕವಾಯಿತು. ಅಷ್ಟು ಮೆಲ್ಲಗಿನ ಸಂಗೀತದ ನಡುವೆ ಹಿಂದಿನಿಂದ ದಾರಿ ಕೇಳುವವರ ಕೂಗೂ ನಿಮಗೆ ಕೇಳಿಸುತ್ತದೆ.